ಕಲ್ಲು ನಡೆದಂಗಾತು

ಲಡಾಖ್‌ನಲ್ಲಿ ಸೈನ್ಯದಲ್ಲಿರುವ ಮಸ್ಕಿ ಕಡೆಯ ಗೆಳೆಯನೊಬ್ಬ ವಾಟ್ಸಾಪ್‌ಗೆ ವಿಡಿಯೊ ಕಳಿಸಿದ್ದ. ಬೋಳು ಗುಡ್ಡ, ಬೂದಿ ಬಣ್ಣದ ಕಲ್ಲು, ಅಲ್ಲಲ್ಲಿ ಹಿಮ. ‘ಹಕ್ಕಿ ಎಲ್ಲಿ ಅದ ಹೇಳ್ರಿ ನೋಡೂಣು’ ಅಂತ ಕೆಳಗೆ ಬರೆದಿದ್ದ. ಸಿಂಧನೂರಿನ ಚಹಾದಂಗಡಿಯಲ್ಲಿ ನಾಲ್ಕು ಜನ ಒಂದೇ ಫೋನಿಗೆ ತಲೆ ಹಾಕಿದೆವು. ಕಾಣಲಿಲ್ಲ. ಮೂರನೇ ಸಲ ನೋಡುವಾಗ ಒಂದು ಕಲ್ಲು ನಡೆಯಿತು. ಅದರ ಹಿಂದೆ ಇನ್ನೆರಡು.

ಅದು ಹಿಮಕೋಳಿ. ಸೈನಿಕರು ರಾಮ್ ಚಕೋರ್ ಅಂತಾರಂತೆ. ಬೇಸಿಗೆಯಲ್ಲಿ ನಾಲ್ಕೈದು ಸಾವಿರ ಮೀಟರ್ ಎತ್ತರದಲ್ಲಿರುತ್ತದೆ. ಚಳಿಗಾಲಕ್ಕೆ ಸ್ವಲ್ಪ ಕೆಳಗಿಳಿಯುತ್ತದೆ. ಐದು ಸಾವಿರ ಮೀಟರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಅರ್ಧ. ಅಲ್ಲಿ ಶೂ ಲೇಸ್ ಕಟ್ಟಿದರೂ ಏದುಸಿರು ಬರ್ತದ ಅಂದ ಗೆಳೆಯ. ಈ ಹಕ್ಕಿ ಮಾತ್ರ ಗಟ್ಟಿ ಕೊಕ್ಕಿನಿಂದ ಬೇರು, ಗಡ್ಡೆ ಕೆದಕಿ ತಿನ್ನುತ್ತ ಏರುಮುಖವಾಗಿ ನಡೆಯುತ್ತದೆ. ರೆಕ್ಕೆ ಬಡಿಯುವ ಖರ್ಚು ಕಡಿಮೆ. ಅಪಾಯ ಕಂಡರೆ ಮೇಲಕ್ಕೆ ಓಡಿ, ಅಲ್ಲಿಂದ ಇಳಿಜಾರಿಗೆ ರೆಕ್ಕೆ ಚಾಚಿ ತೇಲಿಬಿಡುತ್ತದೆ. ಎರಡು ಕೆಜಿಗೂ ಮೀರಿದ ದಪ್ಪ ಮೈ, ಒತ್ತಾದ ಗರಿ. ಮೈಯ ಬಿಸಿ ಬೇಗ ಆರುವುದಿಲ್ಲ. ಮೇಲಿಂದ ನೋಡುವ ಹದ್ದಿನ ಕಣ್ಣಿಗೆ ಬೂದು, ಕಂದು, ಬಿಳಿ ಪಟ್ಟೆಗಳು ಕಲ್ಲಾಗಿಯೇ ಕಾಣುತ್ತವೆ. ಗೂಡೂ ಅಷ್ಟೆ: ಬಂಡೆಯ ಮರೆಯಲ್ಲಿ ನೆಲ ಕೆರೆದ ಒಂದು ತಗ್ಗು.

‘ನಮ್ಮ ಗೌಜಲಕ್ಕಿ ನೆನಪಾತು ನೋಡ್ರಿ’ ಅಂದ. ನಮಗೂ ಆಗಿತ್ತು. ಎರಡೂ ಕೋಳಿ ಕುಟುಂಬದವೇ. ಗೌಜಲಕ್ಕಿ ಮುನ್ನೂರು ಗ್ರಾಂ ಆಸುಪಾಸಿನದು, ನಲವತ್ತು ಡಿಗ್ರಿ ಬಿಸಿಲಿನದು. ಅದೂ ಹಾರುವುದಕ್ಕಿಂತ ಓಡುವುದೇ ಹೆಚ್ಚು. ಎಡದಂಡೆ ಕಾಲುವೆಯ ನೀರು ಬಂದ ಸಿಂಧನೂರಿನ ಕಡೆ ಕಣ್ಣು ಹಾಯುವಷ್ಟೂ ಭತ್ತ. ಗೌಜಲಿಗೆ ಬೇಕಾದ ಒಣ ಕುರುಚಲು ಉಳಿದಿರುವುದು ಮಸ್ಕಿ, ಲಿಂಗಸುಗೂರಿನ ಗುಡ್ಡಗಳ ಬುಡದಲ್ಲಿ.

ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿ ಗುಡ್ಡದ ಆಚೆ ಬದಿಯಲ್ಲಿ, ಹೈಸ್ಕೂಲಿನಲ್ಲಿದ್ದಾಗ ನಾವು ಉರುಲು ಹಾಕುತ್ತಿದ್ದೆವು. ಸುಳ್ಳೇಕೆ, ಸುಟ್ಟು ತಿಂದಿದ್ದೇವೆ. ಆಗ ಕಲಿತದ್ದೊಂದು: ಗೌಜಲಕ್ಕಿಯನ್ನು ಕಣ್ಣಿನಿಂದ ಹುಡುಕಬಾರದು, ಕಿವಿಯಿಂದ ಹುಡುಕಬೇಕು. ಬಣ್ಣ ಎಷ್ಟು ಮುಚ್ಚಿಟ್ಟರೂ ಬೆಳಿಗ್ಗೆ ಅದು ಕೂಗದೆ ಇರಲಾರದು. ಪಂಜರದಲ್ಲಿ ಸಾಕಿದ ಒಂದನ್ನು ಇಟ್ಟು ಕೂಗಿಸಿದರೆ, ‘ನನ್ನ ಜಾಗಕ್ಕೆ ಯಾವನು ಬಂದ’ ಅಂತ ಇನ್ನೊಂದು ಜಗಳಕ್ಕೆ ಓಡಿ ಬಂದು ಉರುಲಿಗೆ ಬೀಳುತ್ತದೆ. ಹಿಮಕೋಳಿಯೂ ಬೆಳಗಿನ ಜಾವ ಉದ್ದಕ್ಕೆ ಸಿಳ್ಳೆ ಹಾಕುತ್ತದಂತೆ. ಅಲ್ಲಿ ಕೇಳಿಸಿಕೊಳ್ಳುವವ ನಮ್ಮ ಗೆಳೆಯ. ‘ಸುಮ್ನೆ ಕೇಳ್ತೀನಿ, ಊರಿಗೆ ಬಂದಂಗ ಅನಸ್ತದ’ ಅಂದ.

ಮರುವಾರ ಸಂತೆಯಲ್ಲಿ ಒಬ್ಬ ಹುಡುಗ ಬುಟ್ಟಿಗೆ ಬಲೆ ಮುಚ್ಚಿಕೊಂಡು ನಿಂತಿದ್ದ. ಒಳಗೆ ಆರು ಗೌಜಲಕ್ಕಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹಿಡಿಯುವುದು, ಮಾರುವುದು ಅಪರಾಧ ಅಂತ ನಮಗೆ ಗೊತ್ತು, ಓದಿದವರು. ಹತ್ತಿರ ಹೋದೆವು. ಹುಡುಗ ನಮ್ಮನ್ನು ಗಿರಾಕಿ ಅಂದುಕೊಂಡು, ‘ಜೋಡಿ ತಗೊಳ್ರಿ ಅಣ್ಣಾರ, ಕಡಿಮಿ ಮಾಡ್ತೀನಿ’ ಅಂದ. ವಯಸ್ಸು ಹದಿಮೂರಿರಬೇಕು, ಉರುಲು ಹಾಕುವಾಗ ನಮಗಿದ್ದಷ್ಟೇ. ಫೋನ್ ತೆಗೆದವರು ಫೋಟೊ ಹೊಡೆಯದೆ ಜೇಬಿಗಿಟ್ಟೆವು. ಬುಟ್ಟಿಯ ತಳದಲ್ಲಿ ಹುಲ್ಲು ಹಾಸಿದ್ದ. ಹಸಿ ಹುಲ್ಲು. ಅದರ ಮೇಲೆ ಆರೂ ಹಕ್ಕಿ ಎದ್ದು ಕಾಣುತ್ತಿದ್ದವು.