ಸಂಬಳ ಬರೆಯುವ ಕೈ

ಗಂಡಸಿನ ಸಂಬಳವನ್ನು ಕೇಳಬಾರದೆಂಬುದು ಹಿರಿಯರ ಮಾತು. ಷೇರುಪೇಟೆಯಲ್ಲಿ ಹೆಸರು ಪಡೆದ ಕಂಪನಿಗಳ ನಿರ್ದೇಶಕರಿಗೆ ಮಾತ್ರ ಈ ಮರೆ ದೊರೆತಿಲ್ಲ. ಅವರ ಸಂಬಳ ವರ್ಷವರ್ಷವೂ ವರದಿಯಲ್ಲಿ ಅಚ್ಚಾಗಲೇಬೇಕು. ಅದು ಯೋಗ್ಯವೆಂದೇ ನನ್ನ ಎಣಿಕೆ.

ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿರಿ. ಮಾಗಡಿಯಿಂದಲೋ ಕನಕಪುರದಿಂದಲೋ ಗೂಡು ತಂದ ರೈತ ಅದಕ್ಕೆ ತಾನೇ ಬೆಲೆ ಬರೆಯಲಾರ; ಹರಾಜಿನಲ್ಲಿ ರೀಲರುಗಳು ಕಟ್ಟಿದ್ದೇ ಬೆಲೆ. ಚನ್ನಪಟ್ಟಣದ ಬೊಂಬೆಗಾರನಿಗೆ ಗಿರಾಕಿ, ನನ್ನಂಥ ಉಪನ್ಯಾಸಕನಿಗೆ ಸರ್ಕಾರದ ವೇತನಶ್ರೇಣಿ. ಪರರ ಹಣವನ್ನು ನಿರ್ವಹಿಸುವ ಕಂಪನಿಯ ಮುಖ್ಯಸ್ಥನಾದರೋ, ತನ್ನ ಸಂಬಳವನ್ನು ಬರೆಯುವವರ ಮಗ್ಗುಲಲ್ಲಿಯೇ ಕುಳಿತಿರುತ್ತಾನೆ.

ಇದನ್ನರಿತೇ 2013ರ ಕಂಪನಿ ಕಾಯಿದೆ ಕೆಲವು ಬೇಲಿಗಳನ್ನು ಹಾಕಿದೆ. ಸಂಬಳವನ್ನು ಶಿಫಾರಸು ಮಾಡುವ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಂತ್ರ ನಿರ್ದೇಶಕರಿರಬೇಕು. ಸಾರ್ವಜನಿಕ ಕಂಪನಿಯ ನಿರ್ದೇಶಕರು, ವ್ಯವಸ್ಥಾಪಕರೆಲ್ಲರ ಒಟ್ಟು ಸಂಭಾವನೆ ನಿವ್ವಳ ಲಾಭದ ಶೇಕಡ 11ನ್ನು ಮೀರುವುದಾದರೆ ಷೇರುದಾರರ ಸಭೆಯ ಒಪ್ಪಿಗೆ ಬೇಕು. ನೌಕರರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಿಗಿಂತ ನಿರ್ದೇಶಕನ ಸಂಬಳ ಎಷ್ಟು ಪಟ್ಟು ಹೆಚ್ಚೆಂಬುದನ್ನೂ ಪಟ್ಟಿಯಾಗಿರುವ ಕಂಪನಿ ತಿಳಿಸಬೇಕು.

ಬೇಲಿಯಿದ್ದರೂ ಜಗಳ ತಪ್ಪದು. 2017ರ ಏಪ್ರಿಲ್‌ನಲ್ಲಿ ಇನ್ಫೋಸಿಸ್‌ನ ಸ್ಥಾಪಕ ನಾರಾಯಣಮೂರ್ತಿಯವರು ಬಹಿರಂಗವಾಗಿಯೇ ಆಕ್ಷೇಪವೆತ್ತಿದರು. ಬಹುಪಾಲು ನೌಕರರಿಗೆ ಶೇಕಡ 6ರಿಂದ 8ರಷ್ಟು ಹೆಚ್ಚಿಸಿ, ಮೇಲಿನ ಅಧಿಕಾರಿಯೊಬ್ಬರಿಗೆ 60ರಿಂದ 70ರಷ್ಟು ಹೆಚ್ಚಿಸುವುದು ಸರಿಯಲ್ಲವೆಂದು ಅವರ ವಾದ. ಹೆಚ್ಚಳದ ದೊಡ್ಡ ಪಾಲು ಮುಂದಿನ ಸಾಧನೆಯನ್ನು ಅವಲಂಬಿಸಿದೆಯೆಂದು ಮಂಡಳಿಯ ಉತ್ತರ. ಚಲಾವಣೆಯಾದ ಮತಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಪರವಾಗಿ ಬಿದ್ದು ನಿರ್ಣಯ ಗೆದ್ದಿತು. ಆದರೆ ಮೂರನೆಯ ಒಂದು ಪಾಲು 'ಬೇಡ'ವೆಂದಿತಲ್ಲ, ಅದೂ ಸಣ್ಣ ಮಾತಲ್ಲ.

ಆಯ್ದಕ್ಕಿ ಲಕ್ಕಮ್ಮನ ಪಾಠ ಮಾಡುವಾಗ ನನಗೆ ಇದು ನೆನಪಾಗುತ್ತದೆ. ಗಂಡ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದ ದಿನ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದವಳು ಆಕೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಆ ಅಕ್ಕಿಯಲ್ಲಿ ಅವಳಿಗೂ ಪಾಲಿತ್ತಲ್ಲವೇ ಸಾರ್? ಆದರೂ ಬೇಡವೆಂದಳಲ್ಲ!" ಎಂದಳು. ಸ್ವತಂತ್ರ ನಿರ್ದೇಶಕನಿಗಿರುವ ಪರೀಕ್ಷೆ ಇದೇ. ಅವನೂ ಅದೇ ಮಂಡಳಿಯಲ್ಲಿ ಉಣ್ಣುವವನು. ಉಣ್ಣುತ್ತಲೇ 'ಸಾಕು' ಎನ್ನುವ ಎದೆಗಾರಿಕೆ ಅವನಿಗೆ ಬೇಕು.

ಬಿಡದಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗೆ ಆ ನಟ್ಟನಡುವಿನವನ ಲೆಕ್ಕವನ್ನು ವಿವರಿಸಿದೆ. ಅವನು ನಕ್ಕು, "ಆ ಸಾಲಿನಲ್ಲಿ ನಾನೆಲ್ಲಿ ನಿಲ್ಲಲಿ ಸಾರ್?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಗುತ್ತಿಗೆದಾರನ ಮೂಲಕ ಬಂದವನು ಕಂಪನಿಯ ನೌಕರನೇ ಅಲ್ಲ. ಅವನನ್ನು ಬಿಟ್ಟು ಎಣಿಸಿದ ಸಾಲಿನ ನಡುವು ತುಸು ಮೇಲಕ್ಕೇ ಸರಿದಿರುತ್ತದೆ.

ದೊಡ್ಡ ಸಂಬಳವೇ ಪಾಪವೆಂದು ನಾನೆನ್ನುವುದಿಲ್ಲ. ಸಾವಿರಾರು ಸಂಸಾರಗಳ ಅನ್ನವನ್ನು ಕಾಯುವ ಸಮರ್ಥನಿಗೆ ಸಲ್ಲಬೇಕಾದುದು ಸಲ್ಲಲಿ. ಅದನ್ನು ಬರೆಯುವ ಕೈ ಯಾರದೆಂಬುದು ಮಾತ್ರ ಎಲ್ಲರಿಗೂ ಕಾಣುತ್ತಿರಲಿ. ನಾಲ್ಕು ಷೇರು ಕೊಂಡ ಮನೆಯವರೂ ಮತದಾರರೇ. ವಾರ್ಷಿಕ ವರದಿ ಬಂದಾಗ ಲಾಭಾಂಶದ ಪುಟವನ್ನಷ್ಟೇ ನೋಡಿ ಮಡಚಿಡದೆ, ಸಂಬಳದ ಪುಟವನ್ನೂ ಒಮ್ಮೆ ತೆರೆಯಿರಿ.