ಅರ್ಧ ಬೆಲೆಯ ರವಿಕೆ

ಆಷಾಢ ಬಂತೆಂದರೆ ನಿಮಗೇನು ನೆನಪಾಗುತ್ತದೆ ಹೇಳಿ? ಬೀಸುವ ಗಾಳಿ, ತುಂತುರು ಮಳೆ, ತೌರಿಗೆ ಬಂದ ಹೊಸ ಮದುಮಗಳು — ಇವೆಲ್ಲ ಕವಿಗಳಿಗೆ ಇರಲಿ. ನನಗೂ ನಿಮಗೂ ಮೊದಲು ಕಣ್ಣಿಗೆ ಬೀಳುವುದು ಬಟ್ಟೆ ಅಂಗಡಿಯ ಮುಂದೆ ನೇತಾಡುವ ಬ್ಯಾನರು! ಮದುವೆ ಮುಂಜಿ ಇಲ್ಲದ ತಿಂಗಳು, ಗಿರಾಕಿಗಳಿಲ್ಲ. ಉಳಿದ ಸರಕು ಖಾಲಿಯಾದರೆ ಶ್ರಾವಣಕ್ಕೆ ಹೊಸದು ತರಿಸಬಹುದೆಂದು ಅಂಗಡಿಯವರು ಬೆಲೆ ಇಳಿಸುತ್ತಾರೆ. ನಾವು ಬೇಡಬೇಡವೆನ್ನುತ್ತಲೇ ಎರಡು ಸೀರೆ ಹೆಚ್ಚಿಗೆ ತಂದು, ನಮ್ಮವರ ಮುಂದೆ ‘ಎಷ್ಟು ಉಳಿಸಿದೆ ಗೊತ್ತಾ’ ಎಂದು ಲೆಕ್ಕ ಒಪ್ಪಿಸುತ್ತೇವೆ. ಇದರಲ್ಲಿ ಯಾರಿಗೂ ಮೋಸವಿಲ್ಲ.

ಆದರೆ ಅಂಗಡಿಯವರನ್ನು ನೋಡಿ ನಾನೂ ಒಂದು ಸಲ ಬ್ಯಾನರು ಹಾಕಿದೆ. ಅದರ ಕಥೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿದೆ. ಮನೆಯಲ್ಲೇ ಕೂತು ಹೊಲಿಗೆ, ಕುಚ್ಚು, ಮೆಹೆಂದಿ, ಹಪ್ಪಳ ಸಂಡಿಗೆ ಅಂತ ನಾಲ್ಕು ಕಾಸು ಸಂಪಾದಿಸುವವರು ನಿಮ್ಮಲ್ಲಿ ಎಷ್ಟೋ ಜನರಿದ್ದೀರಿ. ನಿಮಗಾದರೂ ಉಪಯೋಗಕ್ಕೆ ಬರಲಿ.

ನಮ್ಮದು ತಿಪಟೂರು. ನಡುಮನೆಯ ಕಿಟಕಿಯ ಪಕ್ಕ ನನ್ನ ಮಿಷನ್ನು. ಆಗ ಹದಿನಾರು ವರ್ಷದಿಂದ ರವಿಕೆ ಹೊಲಿಯುತ್ತಿದ್ದೆ. 2019ರಲ್ಲಿ ಲೈನಿಂಗ್ ಹಾಕಿದ ರವಿಕೆಗೆ 250 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಶ್ರಾವಣ, ಗೌರಿ ಹಬ್ಬ ಬಂದರೆ ತಲೆ ಎತ್ತಲು ಬಿಡುವಿಲ್ಲ; ಆಷಾಢದಲ್ಲಿ ಮಾತ್ರ ವಾರಕ್ಕೆ ಐದಾರು ರವಿಕೆ ಬಂದರೆ ಅದೇ ಹೆಚ್ಚು. ಆ ವರ್ಷ ಮಗಳ ಕಾಲೇಜಿನ ಫೀಸು ಬೇರೆ ಕಟ್ಟಬೇಕಿತ್ತು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮವರು ಒಂದು ರಾತ್ರಿ ಊಟ ಮಾಡುತ್ತ, “ಅಲ್ಲ ಕಣೇ, ಖಾಲಿ ಕೂರೋದಕ್ಕಿಂತ ರೇಟು ಇಳಿಸಿ ನಾಲ್ಕು ಜನರನ್ನ ಕರೆಯೋದು ವಾಸಿ ಅಲ್ವಾ?” ಅಂದರು.

ಯೋಚಿಸಿದರೆ ಮಾತು ಸರಿಯಾಗಿಯೇ ಕಂಡಿತು. ನಮ್ಮೂರ ಉಂಡೆ ಕೊಬ್ಬರಿಯ ಸಂಗತಿ ನಿಮಗೆ ಗೊತ್ತಿರಬಹುದು. ಕಾಯನ್ನು ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಅನುಕೂಲವಿರುವ ರೈತ ರೇಟು ಬಿದ್ದಾಗ ಇನ್ನಷ್ಟು ದಿನ ಇಟ್ಟುಕೊಂಡು ಕಾಯುತ್ತಾನೆ. ನನ್ನ ಆಷಾಢದ ಮಧ್ಯಾಹ್ನಗಳನ್ನು ಯಾವ ಅಟ್ಟದಲ್ಲಿಡಲಿ? ಇವತ್ತು ಸುಮ್ಮನೆ ಕೂತ ಎರಡು ಗಂಟೆ ಇವತ್ತಿಗೇ ಹೋಯಿತು. ಹೋಗುವ ಹೊತ್ತಿಗೆ ಅರ್ಧ ದುಡ್ಡಾದರೂ ಬರಲಿ ಅಂತ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು ಗೇಟಿಗೆ ಕಟ್ಟಿದೆ: ‘ಆಷಾಢದ ವಿಶೇಷ. ರವಿಕೆ ಹೊಲಿಗೆ ಅರ್ಧ ಬೆಲೆ.’ ಮಗಳು ಅದರ ಫೋಟೋ ತೆಗೆದು ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೂ ಹಾಕಿದಳು.

ಜನ ಬಂದರು ನೋಡಿ! ಹನ್ನೆರಡು ದಿನದಲ್ಲಿ 72 ರವಿಕೆ. ನಾನು ಎಂದೂ ಕಾಣದ ಬಡಾವಣೆಯವರೆಲ್ಲ ಬಂದರು. ರಟ್ಟು ಬಿಚ್ಚಿ ಒಳಗಿಟ್ಟಾಗ ನನಗೆ ಹೆಮ್ಮೆಯೋ ಹೆಮ್ಮೆ.

ಈಗ ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡಿಕೊಳ್ಳಬೇಡಿ. ಒಂದು ರವಿಕೆಗೆ ಲೈನಿಂಗ್ ಬಟ್ಟೆ, ಹುಕ್ಕು, ದಾರ ಸೇರಿ 55 ರೂಪಾಯಿ. ಹೆಮ್ಮಿಂಗ್ ಮಾಡಿ ಕಾಜ ಹುಕ್ಕು ಹಾಕಿಕೊಡುವ ಹುಡುಗಿಗೆ 30. ಒಟ್ಟು 85. 250 ತೆಗೆದುಕೊಂಡರೆ ನನ್ನ ಕೈಗೆ 165 ಉಳಿಯುತ್ತಿತ್ತು. 125 ತೆಗೆದುಕೊಂಡರೆ? ನಲವತ್ತೇ ರೂಪಾಯಿ! ಬೆಲೆ ಇಳಿಸಿದ್ದು ಅರ್ಧ, ನನ್ನ ಕೂಲಿ ಇಳಿದದ್ದು ಕಾಲು ಭಾಗಕ್ಕಿಂತ ಕೆಳಗೆ. 72 ರವಿಕೆ ಹೊಲಿದು ನಾನು ಗಳಿಸಿದ್ದು 2,880 ರೂಪಾಯಿ. ಹಳೇ ರೇಟಿನಲ್ಲಿ ಹದಿನೆಂಟು ರವಿಕೆ ಹೊಲಿದಿದ್ದರೆ ಅಷ್ಟು ಬರುತ್ತಿತ್ತು. ಮಂಡಿಯ ಲೆಕ್ಕ ಬರೆಯುವವರಿಗೂ ಇದು ಮುಂಚೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಕೇಕ್ ಮಾಡಿ ಮಾರುವ ಒಬ್ಬಾಕೆ ನೂರಕ್ಕೆ 75 ರಿಯಾಯಿತಿ ಎಂದು ಇಂಟರ್‌ನೆಟ್ಟಿನಲ್ಲಿ ಹಾಕಿಸಿ, 8,500 ಜನ ಹಣ ಕಟ್ಟಿಬಿಟ್ಟು, 1,02,000 ಪುಟ್ಟ ಕೇಕು ಮಾಡಿಕೊಡಲು ಹೆಣಗಿದಳಂತೆ. ಮಗಳು ಇದನ್ನು ಓದಿ ಹೇಳಿದಾಗ ಆಕೆಯ ಪಾಡು ನೆನೆದು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದುಡ್ಡು ಹೋದರೆ ಹೋಗಲಿ, ಇನ್ನೊಂದು ತಿಂಗಳಲ್ಲಿ ಸಂಪಾದಿಸಬಹುದು. ನಾನು ಹೇಳಹೊರಟದ್ದು ಬೇರೆ.

ರಟ್ಟು ಕಟ್ಟಿದ ಎರಡನೆಯ ದಿನ. ಹೊಸದಾಗಿ ಬಂದ ಒಬ್ಬರು ಬಟ್ಟೆ ಕೊಡುವ ಮುಂಚೆಯೇ, “ಅರ್ಧ ರೇಟು ಅಂದ್ರೆ ಒಂಟಿ ಹೊಲಿಗೆ ಹಾಕ್ತೀರೇನ್ರೀ?” ಅಂತ ಕೇಳಿದರು. ನನಗೆ ಸಿಟ್ಟು ಬಂತು. ಆಮೇಲೆ ನಮ್ಮ ಹಿಂದಿನ ಬೀದಿಯ ಹಳೇ ಗಿರಾಕಿ ಬಂದರು. ಚೀಲದಿಂದ ನಾಲ್ಕು ಕಾಟನ್ ಕಣ ತೆಗೆದಿಟ್ಟರು. ಅಡಿಯಲ್ಲೊಂದು ಹಸಿರು ರೇಷ್ಮೆ ಇಣುಕುತ್ತಿತ್ತು. “ಅದೂ ಕೊಡಿ ಅಕ್ಕ” ಅಂದೆ. “ಇದು ಬೇಡ ಬಿಡಿ. ರೇಷ್ಮೇದು ಶ್ರಾವಣದಲ್ಲಿ ಕೊಡ್ತೀನಿ, ಆಗ ನಿಧಾನವಾಗಿ ಹೊಲೀತೀರಿ” ಎಂದು ಚೀಲದ ಬಾಯಿ ಮುಚ್ಚಿದರು. ಹದಿನಾರು ವರ್ಷದಿಂದ ಅವರ ರೇಷ್ಮೆ ರವಿಕೆಗಳಿಗೆಲ್ಲ ಕತ್ತರಿ ಹಾಕಿದವಳು ನಾನು! ನನ್ನ ಕೈ ಅದೇ, ಕತ್ತರಿ ಅದೇ, ಕಿಟಕಿಯ ಬೆಳಕೂ ಅದೇ. ರಟ್ಟಿನ ಮೇಲಿನ ಒಂದು ಸಾಲು ಓದಿ ಅವರು ತಮ್ಮ ಒಳ್ಳೆಯ ಬಟ್ಟೆಯನ್ನು ನನ್ನಿಂದ ಬಚ್ಚಿಟ್ಟರು.

ಯಾಕೆ ಹೀಗಾಯಿತು ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. ಮೈಸೂರು ಸಿಲ್ಕಿನ ಸರ್ಕಾರಿ ಮಳಿಗೆಯಲ್ಲಿ ರಿಯಾಯಿತಿ ಕೊಟ್ಟರೆ ನಾವು ಅನುಮಾನಪಡುವುದಿಲ್ಲ. ಸೀರೆ ನೇಯ್ದು ಮುಗಿದಿದೆ, ಕೈಯಲ್ಲಿ ಹಿಡಿದು ನೋಡಬಹುದು. ನಾಳೆ ಬೆಲೆ ಇಳಿಸಿದರೆ ಜರಿ ಕರಗಿಹೋಗುವುದಿಲ್ಲ. ಗಾಂಧಿ ಜಯಂತಿಗೆ ಖಾದಿ ಭಂಡಾರದ ರಿಯಾಯಿತಿಯೂ ಹಾಗೆಯೇ. ಯಾಕೆ ಕೊಡುತ್ತಾರೆಂದು ಎಲ್ಲರಿಗೂ ಗೊತ್ತು. ಆದರೆ ರವಿಕೆ? ನೀವು ದುಡ್ಡು ಒಪ್ಪಿಕೊಳ್ಳುವಾಗ ಅದು ಇನ್ನೂ ಹುಟ್ಟೇ ಇಲ್ಲ. ನಿಮ್ಮ ಬಟ್ಟೆಯನ್ನು ನನ್ನ ಕೈಗಿಟ್ಟು, ಅಳತೆ ರವಿಕೆ ಕೊಟ್ಟು, ‘ಹಾಳು ಮಾಡುವುದಿಲ್ಲ’ ಎಂದು ನಂಬಿ ಮನೆಗೆ ಹೋಗುತ್ತೀರಿ. ನೋಡಲು ನಿಮಗಿರುವ ಒಂದೇ ಗುರುತು ನಾನು ಹೇಳುವ ಬೆಲೆ. ಅದನ್ನು ನಾನೇ ಅರ್ಧ ಮಾಡಿದರೆ ನೀವು ಏನನ್ನು ನಂಬಬೇಕು?

ನಮ್ಮ ಹೈಸ್ಕೂಲಿನ ಟೀಚರಮ್ಮ ಅದನ್ನೇ ಕೇಳಿದ್ದು. ನನ್ನ ಮಗಳಿಗೆ ಪಾಠ ಹೇಳಿದವರು. ಹದಿನೈದು ದಿನದ ಹಿಂದೆಯಷ್ಟೇ ಮೂರು ರವಿಕೆಗೆ 750 ರೂಪಾಯಿ ಕೊಟ್ಟು ತೆಗೆದುಕೊಂಡು ಹೋಗಿದ್ದರು. ಸಂಜೆ ಸ್ಕೂಲಿನಿಂದ ಬರುವಾಗ ಗೇಟಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ರಟ್ಟು ಓದಿದರು. ಒಳಗೆ ಬರಲಿಲ್ಲ.

“ಯಾವುದಮ್ಮ ನಿಜವಾದ ರೇಟು? ಇದೋ, ನಾನು ಕೊಟ್ಟಿದ್ದೋ?”

ನಾನು ತಡಬಡಾಯಿಸಿ, “ಆಷಾಢ ಅಂತ ಹಾಕಿದ್ದು ಟೀಚರ್. ನಿಮಗೆ 375 ವಾಪಸ್ ಕೊಟ್ಟುಬಿಡ್ತೀನಿ” ಅಂದೆ.

“ದುಡ್ಡು ವಾಪಸ್ ಕೇಳೋಕೆ ಬಂದೆ ಅನ್ಕೊಂಡ್ಯಾ?” ಎಂದವರೇ ಹೊರಟರು. ಆ ಶ್ರಾವಣಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಗುತ್ತಿದ್ದರು, ಮಗಳನ್ನು ವಿಚಾರಿಸುತ್ತಿದ್ದರು. ಮೈಮೇಲೆ ಮಾತ್ರ ಬೇರೆಯವರು ಹೊಲಿದ ರವಿಕೆ. ಭುಜದ ಹತ್ತಿರ ಸುಕ್ಕು ಬಿದ್ದಿದ್ದು ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೆ?

ಇನ್ನು ನನ್ನ ತಪ್ಪಿನ ಭಾಗ. ಅದನ್ನೂ ಹೇಳಿಬಿಡುತ್ತೇನೆ. ಕಾಟನ್ ಲೈನಿಂಗನ್ನು ಕತ್ತರಿಸುವ ಮುಂಚೆ ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಬುಸ್ಸೆಂದು ಉಬ್ಬಿಕೊಳ್ಳುತ್ತದೆ. ಯಾರಿಗೂ ಕಾಣದ ಕೆಲಸ ಇದು. ದಿನಕ್ಕೆ ಮೂರು ರವಿಕೆ ಹೊಲಿಯುವವಳು 72 ಒಪ್ಪಿಕೊಂಡರೆ ಮೊದಲು ಬಿಟ್ಟುಹೋಗುವುದೂ ಕಾಣದ ಕೆಲಸವೇ. ಹೊರಗೆ ಜಡಿಮಳೆ, ಲೈನಿಂಗ್ ಒಣಗುತ್ತಿಲ್ಲ, ವಾರದಲ್ಲಿ ಕೊಡುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಾಗಿದೆ. ಒಂದಿಪ್ಪತ್ತು ರವಿಕೆಗೆ ನೆನೆಸದೆಯೇ ಕತ್ತರಿ ಹಾಕಿದೆ. ‘ಅರ್ಧ ರೇಟಲ್ಲವೆ’ ಎಂದು ಮನಸ್ಸು ಒಳಗೊಳಗೇ ಹೇಳಿತ್ತು. ಸುಳ್ಳು ಯಾಕೆ ಹೇಳಲಿ. ಹಾಗಾದರೆ ಒಂಟಿ ಹೊಲಿಗೆಯ ಬಗ್ಗೆ ಕೇಳಿದ ಆ ಹೆಂಗಸಿನ ಅನುಮಾನ ಪೂರ್ತಿ ತಪ್ಪೇನೂ ಆಗಿರಲಿಲ್ಲ!

ಆ ಇಪ್ಪತ್ತರಲ್ಲಿ ನಾಲ್ಕು, ಆಷಾಢಕ್ಕೆ ತೌರಿಗೆ ಬಂದಿದ್ದ ಒಬ್ಬ ಹೊಸ ಮದುಮಗಳವು. ಅವಳು ಅತ್ತೆಮನೆಗೆ ಹೋಗಿ ಒಗೆದಳು, ನಾಲ್ಕೂ ಉಬ್ಬಿಕೊಂಡವು. ಅವಳ ತಾಯಿ ಅವನ್ನು ತಂದು ನನ್ನ ಮಿಷನ್ನಿನ ಮೇಲಿಟ್ಟಾಗ, ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. “ಹೋಗ್ಲಿ ಬಿಡಿ, ಅರ್ಧ ದುಡ್ಡಿಗೆ ಇನ್ನೇನ್ ಬರುತ್ತೆ” ಅಂದರು. ಬೈದಿದ್ದರೆ ವಾಸಿಯಾಗಿತ್ತು. ನಾಲ್ಕನ್ನೂ ಬಿಚ್ಚಿ, ಹೊಸ ಲೈನಿಂಗ್ ನೆನೆಸಿ ಹಾಕಿ, ಬಿಟ್ಟಿಯಾಗಿ ಹೊಲಿದುಕೊಟ್ಟೆ. ಅವರು ತೆಗೆದುಕೊಂಡು ಹೋದರು. ಮತ್ತೆ ಬಟ್ಟೆ ತರಲಿಲ್ಲ.

ಆಗಸ್ಟ್ 9ಕ್ಕೆ ವರಮಹಾಲಕ್ಷ್ಮಿ. ಹಬ್ಬದ ಕೆಲಸಕ್ಕೆ ಕೂರಬೇಕಾದ ಹೊತ್ತಿನಲ್ಲಿ ನಾನು ಇನ್ನೂ ಆಷಾಢದ ಬಾಕಿ ಮುಗಿಸುತ್ತಿದ್ದೆ. ಹಸಿರು ರೇಷ್ಮೆಯವರು ಬಂದು, ಗುಡ್ಡೆ ಬಿದ್ದ ಬಟ್ಟೆ ನೋಡಿ, “ನಿಮಗೆ ಕೈ ತುಂಬಾ ಕೆಲಸ ಇದೆ” ಎಂದು ಹಾಗೇ ತಿರುಗಿದರು. ರಿಯಾಯಿತಿಗೆ ಬಂದ ಹೊಸಬರಾದರೂ ಉಳಿದರೋ ಎಂದರೆ, “ಮುಂದಿನ ಆಷಾಢಕ್ಕೆ ಹೇಳಿ ಕಳಿಸಿ” ಅಂದರು.

ಬೆಲೆ ಇಳಿಸಲೇಬಾರದು ಎನ್ನುತ್ತೀರಾ ಎಂದು ನೀವು ಕೇಳಬಹುದು. ಹಾಗೇನಿಲ್ಲ. ನನ್ನ ನಾದಿನಿ ಹಾಸನದಲ್ಲಿ ಬ್ಯೂಟಿ ಪಾರ್ಲರ್ ತೆರೆದಾಗ ಮೊದಲ ತಿಂಗಳು ಅರ್ಧ ದುಡ್ಡಿಗೇ ಮಾಡಿದಳು, ಜನ ನಿಂತರು. ಹೊಸ ಅಂಗಡಿ, ಕೈಗುಣ ತೋರಿಸಲಿಕ್ಕೆ ಕೊಡುತ್ತಿದ್ದಾಳೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ. ತಿಂಗಳು ಮುಗಿದ ಮೇಲೆ ಅವಳು ಮತ್ತೆ ಇಳಿಸಲೂ ಇಲ್ಲ. ವರ್ಷವೆಲ್ಲ ಒಂದು ಬೆಲೆ ಹೇಳಿ, ಕಾರಣ ಹೇಳದೆ ಒಂದು ದಿನ ಅರ್ಧ ಮಾಡುವುದೇ ಬೇರೆ. ನೀವು ಗಿರಾಕಿಯಾಗಿ ಹೋದಾಗಲೂ ಅಷ್ಟೆ. ಅರ್ಧ ಬೆಲೆಯ ಫೇಶಿಯಲ್ ಅಂದರೆ, ಪೊಟ್ಟಣ ನನ್ನೆದುರಿಗೇ ಒಡೆಯಿರಿ ಎನ್ನಿ. ಎಷ್ಟು ಹೊತ್ತು ಮಾಡುತ್ತೀರಿ ಎಂದು ಕೇಳಿ. ರವಿಕೆಯಾದರೆ, ಲೈನಿಂಗ್ ನೆನೆಸಿದ್ದೀರಾ, ಮುಂದೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಬಿಟ್ಟಿದ್ದೀರಾ ಎಂದು ಕೇಳಿ. ಸಂಕೋಚ ಬೇಡ. ಒಳ್ಳೆಯ ಕೆಲಸದವರು ಆ ಪ್ರಶ್ನೆಗೆ ಮುಖ ಗಂಟು ಹಾಕುವುದಿಲ್ಲ.

ಈಗ ಆಷಾಢದಲ್ಲಿ ನಾನು ಬೆಲೆ ಇಳಿಸುವುದಿಲ್ಲ. ನಾನೇ ಹೊಲಿದ ಹಳೆಯ ರವಿಕೆ ಬಿಗಿಯಾಗಿದ್ದರೆ ಆ ತಿಂಗಳು ದುಡ್ಡಿಲ್ಲದೆ ಅಗಲ ಮಾಡಿಕೊಡುತ್ತೇನೆ. ಮಧ್ಯಾಹ್ನಗಳೂ ತುಂಬುತ್ತವೆ. ತಂದವರು ಒಂದೆರಡು ಹೊಸ ಕಣವನ್ನೂ ಜೊತೆಗೆ ತರುತ್ತಾರೆ, ಪೂರ್ತಿ ರೇಟಿಗೇ.

ಟೀಚರಮ್ಮ 2022ರ ಆಷಾಢದಲ್ಲಿ ಬಂದರು. ಗೇಟಿನ ಕಡೆ ಒಮ್ಮೆ ನೋಡಿ ಒಳಗೆ ಕಾಲಿಟ್ಟಿದ್ದನ್ನು ನಾನು ಕಿಟಕಿಯಿಂದ ಕಂಡೆ. ಕಾಫಿ ಕುಡಿದರು. ಹೊರಡುವಾಗ ಚೀಲದಿಂದ ಒಂದು ಸಾದಾ ನೀಲಿ ಕಾಟನ್ ಕಣ ತೆಗೆದು, “ಇದೊಂದು ಹೊಲಿಯಮ್ಮ, ನೋಡೋಣ” ಅಂದರು. ರೇಟು ಕೇಳಲಿಲ್ಲ. ಆ ರಾತ್ರಿ ಲೈನಿಂಗನ್ನು ಬಕೆಟ್ಟಿನಲ್ಲಿ ನೆನೆಹಾಕಿ, ನಡುರಾತ್ರಿ ಎದ್ದು ಮತ್ತೊಂದು ಸಲ ಮುಳುಗಿಸಿ ಬಂದೆ. ಆಮೇಲೆ ಇನ್ನೂ ಐದಾರು ಕಾಟನ್ ಕೊಟ್ಟಿದ್ದಾರೆ. ರೇಷ್ಮೇದು ಇನ್ನೂ ಬಂದಿಲ್ಲ.