ಹೊಸ ಮೊಣಕಾಲು, ಹಳೆಯ ಜಾವಾ

ಸವೆದ ಭಾಗವನ್ನು ತೆಗೆದು ಹೊಸದನ್ನು ಕೂರಿಸುವುದು ಯಂತ್ರಗಳಲ್ಲಿ ರೂಢಿಯಾದ ಕೆಲಸ. ಮನುಷ್ಯನಿಗೂ ಅದು ಸಲ್ಲುವುದೆಂಬುದಕ್ಕೆ ನನ್ನ ಎಡಮೊಣಕಾಲೇ ಸಾಕ್ಷಿ. ಕೀಲಿದ್ದ ಸ್ಥಳದಲ್ಲಿ ಈಗ ಲೋಹವೂ ಪ್ಲಾಸ್ಟಿಕ್ಕೂ ಇವೆ. ಆದರೆ ಅದು ಎಡಗಾಲಾದುದೇ ತೊಡಕಾಯಿತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಬಲ್ಲ ವಾಚಕರಿಗೆ ತಿಳಿದಿರುವಂತೆ, ಅವುಗಳಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಅದಿರುವುದು ಎಡಗಡೆ.

“ಮಂಡಿ ಮಡಿಚಿದರೆ ಸಾಲದು, ಗಾಡಿ ವಾಲಿದರೆ ಆ ಕಾಲಿನಿಂದ ತಡೆಯಬಲ್ಲಿರಾ?” ಎಂದು ವೈದ್ಯರು ಕೇಳಿದರು. ಬಿದ್ದರೆ ಕೃತಕ ಕೀಲಿನ ಸುತ್ತಣ ಮೂಳೆ ಮುರಿಯಬಹುದು. ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. “ಇನ್ನೊಮ್ಮೆ ಆಸ್ಪತ್ರೆಯ ಬೆಂಚಿನ ಮೇಲೆ ಕೂರುವ ಶಕ್ತಿ ನನಗಿಲ್ಲ, ನೋಡಿ” ಎಂದಳು ನನ್ನಾಕೆ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆರು ತಿಂಗಳು ತೊಡೆಯ ಸ್ನಾಯುಗಳನ್ನು ಬಲಪಡಿಸಿದೆ. ವೈದ್ಯರು ಪರೀಕ್ಷಿಸಿ ಒಪ್ಪಿದ ಬಳಿಕವೇ ಗಾಡಿಯ ಹೊದಿಕೆ ತೆಗೆದುದು. ಈಗ ಕಿಕ್ ಹೊಡೆಯುವವನು ಮಗ. ಗೇರು ಹಾಕುವವನು ನಾನು. ಸವಾರಿ ಭಾನುವಾರದ ಮುಂಜಾನೆ ಮಾತ್ರ, ಮಳೆಯಿಲ್ಲದ ದಿನ, ಸಮತಟ್ಟಾದ ರಸ್ತೆಯಲ್ಲಿ. ತನ್ನ ಗಾಡಿಯನ್ನು ಅನ್ಯರಿಂದ ಚಾಲೂ ಮಾಡಿಸಿಕೊಳ್ಳುವುದು ಸವಾರನ ಅಭಿಮಾನಕ್ಕೆ ಕುಂದೆಂದು ಕೆಲವರು ಎಣಿಸಬಹುದು. ಅಭಿಮಾನವನ್ನಿಷ್ಟು ಇಳಿಸಿದರೆ ಸವಾರಿ ಉಳಿಯುವುದಾದರೆ, ಅದು ಲಾಭದ ವ್ಯಾಪಾರವೇ ಸರಿ. ಮನೆಯಾಕೆಯೂ ನೆಮ್ಮದಿಯಿಂದ ಕಾಫಿ ಸೋಸುವಳು.